ಜಿಪ್ಸಿಯ ಹಿಂಬದಿ ಸಸ್ಪೆನ್ಷನ್: ಕಾಫಿ ಕಣದಲ್ಲೇ ಬದಲಿಸಿಕೊಳ್ಳುವ ಕ್ರಮ

ಕಾಫಿ ಒಣಗಿ, ಮೂಟೆ ಕಟ್ಟಿ, ಲಾರಿಗೆ ಏರಿಸಿ ಕಳಿಸಿದ ಮೇಲೆ ಮಳೆಗಾಲ ಹಿಡಿಯುವವರೆಗೆ ಕೊಡಗಿನ ಮನೆಗಳ ಮುಂದಿನ ಸಿಮೆಂಟು ಕಣ ಖಾಲಿ ಬಿದ್ದಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಈ ಬಿಡುವಿನಲ್ಲಿ ಮಾರುತಿ ಜಿಪ್ಸಿಯ ಹಿಂಬದಿಯ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಶ್ಯಾಕಲ್, ರಬ್ಬರ್ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ) ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಇಬ್ಬರು ಸೇರಿ ಎರಡು ದಿನದಲ್ಲಿ ಮನೆಯಲ್ಲೇ ಬದಲಿಸಿಕೊಳ್ಳಬಹುದು. ಕಂಪನಿಯವರು ಜಿಪ್ಸಿಯನ್ನು ಸ್ಪೋರ್ಟ್ಸ್ ಕಾರು ಎಂದು ಮಾರಲಿಲ್ಲ, ನಿಜ. ಆದರೆ ಸುಗ್ಗಿ ಮುಗಿದ ಗದ್ದೆಯ ಆಟೋಕ್ರಾಸಿನಲ್ಲಿಯೂ ರ್‍ಯಾಲಿಯ ಮಣ್ಣಿನ ದಾರಿಯಲ್ಲಿಯೂ ದಶಕಗಳ ಕಾಲ ಓಡಿದ ಗಾಡಿ ಅದು, ಮತ್ತು ನಮ್ಮಲ್ಲಿ ಅನೇಕರು ಸ್ಪರ್ಧೆಯ ವೇಗವನ್ನು ಮೊದಲು ಕಂಡದ್ದು ಅದರ ಚಕ್ರದ ಹಿಂದೆ ಕುಳಿತೇ. ಹಾಗೆ ಓಡಿಸುವ ಗಾಡಿಯ ಹಿಂಬದಿ ಎಷ್ಟು ಕಷ್ಟ ಪಡುತ್ತದೆ ಎಂಬುದನ್ನು ಅದರ ಕೆಳಗೆ ಮಲಗಿ ನೋಡಿದವರು ಬಲ್ಲರು.

ಗಾಡಿಯ ರಚನೆಯನ್ನು ಮೊದಲು ತಿಳಿದಿರಬೇಕು. ಜಿಪ್ಸಿ ಏಣಿಯಾಕಾರದ ಚಾಸಿಯ, ಅಂದರೆ ಉಕ್ಕಿನ ಚೌಕಟ್ಟಿನ ಮೇಲೆ ನಿಂತಿದೆ. ಅದರ ನಾಲ್ಕೂ ಮೂಲೆಗಳಲ್ಲಿ ಇರುವುದು ಕಮಾನು ಪಟ್ಟಿಗಳೇ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಹಿಂಬದಿಯ ಪಟ್ಟಿಯ ಮುಂತುದಿ ಚಾಸಿಗೆ ಒಂದೇ ಬೋಲ್ಟಿನಿಂದ ಸ್ಥಿರವಾಗಿ ಕೂತಿರುತ್ತದೆ, ಹಿಂತುದಿ ಶ್ಯಾಕಲ್ ಎಂಬ ಜೋಡಿ ತುಂಡಿನಲ್ಲಿ ಉಯ್ಯಾಲೆಯಂತೆ ತೂಗುತ್ತದೆ. ಪಟ್ಟಿ ಒತ್ತಿದಾಗ ಅದು ಚಪ್ಪಟೆಯಾಗಿ ಉದ್ದವಾಗುವುದರಿಂದ, ಆ ಉದ್ದಕ್ಕೆ ಎಡೆ ಕೊಡಲೆಂದು ಈ ಉಯ್ಯಾಲೆ ಇದೆ. ಮೂಲ ರಚನೆಯಲ್ಲಿ ಪಟ್ಟಿ, ಎರಡು ಹಿಂಚಕ್ರಗಳನ್ನು ಕೂಡಿಸುವ ಆಕ್ಸಲ್‌ನ ಕೆಳಗೆ ಇರುತ್ತದೆ. ಪಟ್ಟಿಗಳನ್ನು ಕೂಡಿಸಿ ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್‌ನ ಪೀಠದ ತೂತಿನೊಳಗೆ ಕೂರುತ್ತದೆ, ಮೇಲಿನಿಂದ ಆಕ್ಸಲ್ ಅನ್ನು ತಬ್ಬಿ ಇಳಿದ ಯು ಬೋಲ್ಟುಗಳು ಕೆಳಗಿನ ತಟ್ಟೆಯ ಮೂಲಕ ಎಲ್ಲವನ್ನೂ ಬಿಗಿದು ಹಿಡಿಯುತ್ತವೆ. ಆಕ್ಸಲ್ ಮುಂದೆ ಹಿಂದೆ ಸರಿಯದಂತೆ ತಡೆಯುವುದು ಆ ಸಣ್ಣ ತಲೆ ಮತ್ತು ಯು ಬೋಲ್ಟಿನ ಬಿಗಿತ, ಎರಡೇ. ನಿಮ್ಮ ಗಾಡಿಯ ಹಿಂದಿನ ಒಡೆಯರು ಎತ್ತರಕ್ಕಾಗಿ ಪಟ್ಟಿಯನ್ನು ಆಕ್ಸಲ್‌ನ ಮೇಲಕ್ಕೆ ಏರಿಸಿದ್ದರೆ ಈ ಕ್ರಮದ ಕೆಲವು ಹಂತಗಳು ತಲೆಕೆಳಗಾಗುತ್ತವೆ.

ಏನು ಕೆಟ್ಟಿದೆ ಎಂದು ಗೊತ್ತುಮಾಡಿಕೊಳ್ಳದೆ ಬಿಡಿಭಾಗ ತರಬೇಡಿ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿಯಲ್ಲಿ ಟೇಪು ಹಿಡಿದು ಬರೆದುಕೊಳ್ಳಿ. ಒಂದು ಬದಿ ಗಮನಾರ್ಹವಾಗಿ ತಗ್ಗಿದ್ದರೆ ಆ ಬದಿಯ ಪಟ್ಟಿ ಸೋತಿದೆ, ಅಥವಾ ಒಳಗೆ ಎಲ್ಲೋ ಒಂದು ಪಟ್ಟಿ ಮುರಿದಿದೆ. ಪಟ್ಟಿಗಳ ಅಂಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿದರೆ ಬಿರುಕಿನ ಗೆರೆ ಹೊಸ ತುಕ್ಕಿನ ಕೆಂಪು ಬಣ್ಣದಲ್ಲಿ ಎದ್ದು ಕಾಣುತ್ತದೆ. ಸಣ್ಣ ಗುಂಡಿಯಲ್ಲಿಯೂ ಹಿಂದಿನಿಂದ ಟಕ್ ಎಂಬ ಶಬ್ದ ಬಂದರೆ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು. ಗುಂಡಿ ದಾಟಿದ ಮೇಲೂ ಹಿಂಬದಿ ಎರಡು ಮೂರು ಸಲ ಕುಣಿದರೆ, ಅಥವಾ ಶಾಕ್‌ನ ಮೈಯಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ, ಶಾಕ್‌ನ ಆಯಸ್ಸು ಮುಗಿದಿದೆ.

ಎಲ್ಲವನ್ನೂ ಜೋಡಿಯಾಗಿಯೇ ಬದಲಿಸಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಹಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ನಮ್ಮ ಗಾಡಿಯ ಎಡಬದಿಗೆ ಮಾತ್ರ ಹೊಸ ಪಟ್ಟಿ ಹಾಕಿಕೊಟ್ಟಿದ್ದರು. ಹಣ ಉಳಿಯಿತೆಂದು ನಾವೂ ಒಪ್ಪಿಕೊಂಡೆವು. ಆಮೇಲೆ ಆ ಗಾಡಿ ಬಲ ತಿರುವಿನಲ್ಲಿ ಒಂದು ಬಗೆಯಾಗಿ, ಎಡ ತಿರುವಿನಲ್ಲಿ ಇನ್ನೊಂದು ಬಗೆಯಾಗಿ ನಡೆದುಕೊಂಡಿತು. ಸಂಪಾಜೆ ಘಾಟಿಯಂಥ ಇಳಿಜಾರಿನಲ್ಲಿ ಒದ್ದೆ ರಸ್ತೆಯ ಮೇಲೆ ಅದು ಸಣ್ಣ ವಿಷಯವಲ್ಲ.

ಬಿಡಿಭಾಗ ಕೊಳ್ಳುವಾಗ ಮಾದರಿ ಸಂಖ್ಯೆಯನ್ನು ಹೇಳಿ ಕೇಳಿ. 1985ರಲ್ಲಿ ಬಂದ ಎಂಜಿ 410, 1993ರ ಅಗಲ ಟ್ರ್ಯಾಕಿನ (ಎಡ ಬಲ ಚಕ್ರಗಳ ನಡುವಿನ ದೂರ ಹೆಚ್ಚಿರುವ) ಎಂಜಿ 410 ಡಬ್ಲ್ಯೂ, 1996ರ ಜಿಪ್ಸಿ ಕಿಂಗ್ ಎಂಜಿ 413 ಡಬ್ಲ್ಯೂ, ಇವೆಲ್ಲ ಹೊರನೋಟಕ್ಕೆ ಒಂದೇ ಎನಿಸಿದರೂ ಅಂಗಡಿಯವರಿಗೆ ಬರೀ ಜಿಪ್ಸಿ ಎಂದರೆ ಸಾಲದು. 2018ರ ಸುಮಾರಿಗೆ ಸಾಮಾನ್ಯ ಗ್ರಾಹಕರಿಗೆ ಈ ಗಾಡಿ ಸಿಗುವುದು ನಿಂತಿದ್ದರಿಂದ ಈಗ ಮಾರುಕಟ್ಟೆಯಲ್ಲಿ ಅಸಲಿಗಿಂತ ಬೇರೆ ತಯಾರಿಕೆಯ ಮಾಲೇ ಹೆಚ್ಚು ಎದುರಾಗುತ್ತದೆ. ಹಳೆಯ ಬುಷ್ ಮತ್ತು ಯು ಬೋಲ್ಟ್ ಒಂದೊಂದನ್ನು ಜೊತೆಗೊಯ್ದು, ಅಂಗಡಿಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಳೆದು ತರುವುದು ಒಳ್ಳೆಯದು. ಯು ಬೋಲ್ಟ್ ಮತ್ತು ಅದರ ನಟ್‌ಗಳನ್ನು ಹೊಸದಾಗಿಯೇ ಕೊಳ್ಳಿ: ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಅದರ ಮರೆ (ನಟ್ ತಿರುಗುವ ಸುರುಳಿ ಗೆರೆ) ಮತ್ತೆ ಅದೇ ಬಿಗಿತವನ್ನು ಹಿಡಿದಿಡುವುದಿಲ್ಲ. ಸೆಂಟರ್ ಬೋಲ್ಟ್, ಶ್ಯಾಕಲ್ ಪಿನ್ನು, ಎಲ್ಲ ಸ್ಪ್ರಿಂಗ್ ವಾಷರುಗಳೂ ಹೊಸದಾಗಿ ಕೊಳ್ಳುವ ಸಾಮಾನಿನ ಚೀಟಿಗೆ ಸೇರಲಿ.

ಗೊಬ್ಬರದ ಮೂಟೆಗಾಗಿ ಒಂದು ಪಟ್ಟಿ ಹೆಚ್ಚು ಸೇರಿಸಿಬಿಡಿ ಎಂದು ಹೇಳುವವರು ಬಹಳ. ತೋಟದ ಕೆಲಸಕ್ಕಷ್ಟೇ ಗಾಡಿಯಿದ್ದರೆ ಅದು ಸರಿಯೇ. ಆದರೆ ವೇಗವಾಗಿ ಓಡಿಸುವ ಗಾಡಿಗೆ ನಾನು ಅದನ್ನು ಒಪ್ಪುವುದಿಲ್ಲ. ಜಿಪ್ಸಿಯ ಹಿಂಬದಿ ಖಾಲಿಯಿದ್ದಾಗ ಮೊದಲೇ ಹಗುರ. ಅದಕ್ಕೆ ಗಡುಸಾದ ಪಟ್ಟಿ ಹಾಕಿದರೆ ಅಲೆಯಲೆಯಾದ ಮಣ್ಣಿನ ರಸ್ತೆಯಲ್ಲಿ ಚಕ್ರ ನೆಲವನ್ನು ಬಿಟ್ಟು ಬಿಟ್ಟು ಹಾರುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಮೂಲ ಸಂಖ್ಯೆಯ ಪಟ್ಟಿ ಇಟ್ಟುಕೊಂಡು ಒಳ್ಳೆಯ ಶಾಕ್‌ಗೆ ಹಣ ಹಾಕುವುದು ಮೇಲು.

ಇನ್ನು ಸಲಕರಣೆ. ಎರಡು ಟನ್ನಿನ ಟ್ರಾಲಿ ಜ್ಯಾಕ್ ಒಂದು, ಇನ್ನೊಂದು ಸಣ್ಣ ಜ್ಯಾಕ್, ಗಟ್ಟಿಮುಟ್ಟಾದ ಜ್ಯಾಕ್ ಸ್ಟ್ಯಾಂಡ್ ಎರಡು, ಸಾಕೆಟ್ ಸೆಟ್ಟು, ರಿಂಗ್ ಸ್ಪ್ಯಾನರುಗಳು, ಉದ್ದ ಹಿಡಿಯ ಬಾರು (ಸಾಕೆಟ್ ತಿರುಗಿಸುವ ಸರಳು), ದೊಡ್ಡ ಸುತ್ತಿಗೆ, ಹಿತ್ತಾಳೆಯ ಒಂದು ತುಂಡು, ಹ್ಯಾಕ್ಸಾ, ತುಕ್ಕು ಬಿಡಿಸುವ ಎಣ್ಣೆ ಮತ್ತು ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್. ಕೊನೆಯದನ್ನು ಎರವಲು ತಂದರೂ ಸರಿ, ಅದಿಲ್ಲದೆ ಆರಂಭಿಸಬೇಡಿ. ಪ್ರತಿ ಬೋಲ್ಟಿನ ಬಿಗಿತದ ಅಂಕಿಯನ್ನು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಿಂದ ಮೊದಲೇ ಒಂದು ಹಾಳೆಗೆ ಬರೆದು ಗೋಡೆಗೆ ಅಂಟಿಸಿ. ಹಳೆಯ ಮ್ಯಾನ್ಯುಯಲ್‌ಗಳಲ್ಲಿ ಅಂಕಿ ಕೆಜಿ ಮೀಟರ್ ಲೆಕ್ಕದಲ್ಲಿದ್ದರೆ ಅದನ್ನು 9.8ರಿಂದ ಗುಣಿಸಿದಾಗ ನ್ಯೂಟನ್ ಮೀಟರ್ ಸಿಗುತ್ತದೆ.

ಕೆಲಸಕ್ಕೆ ನಾಲ್ಕು ದಿನ ಮೊದಲೇ ಗಾಡಿಯ ಕೆಳಭಾಗವನ್ನು ತೊಳೆದುಬಿಡಿ. ತೋಟದ ಪವರ್ ಸ್ಪ್ರೇಯರ್ ಇದಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಬೋರ್ಡೋ ದ್ರಾವಣ ಹೊಡೆದ ಪಂಪಾಗಿದ್ದರೆ ಬ್ಯಾರಲ್ಲನ್ನೂ ಪೈಪನ್ನೂ ಎರಡು ಮೂರು ಸಲ ಬರೀ ನೀರಿನಲ್ಲಿ ತೊಳೆದೇ ಬಳಸಿ. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಶ್ಯಾಕಲ್ ಹಿಂದೆ ಕೆಂಪು ಮಣ್ಣು ಗಟ್ಟಿ ಹೆಪ್ಪುಗಟ್ಟಿರುತ್ತದೆ, ಅದನ್ನು ಕಡ್ಡಿಯಿಂದ ಕೆದಕಿ ತೆಗೆಯಿರಿ. ನೀರು ಆರಿದ ಮೇಲೆ ಪ್ರತಿ ಸಂಜೆ ಎಲ್ಲ ನಟ್‌ಗಳ ಮರೆಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಮೂರು ಸಂಜೆಯ ಎಣ್ಣೆ ಮೂರು ಗಂಟೆಯ ಗುದ್ದಾಟವನ್ನು ಉಳಿಸಿದ್ದನ್ನು ನಾನು ಕಂಡಿದ್ದೇನೆ.

ಕಣ ಕಣ್ಣಿಗೆ ಸಮವಾಗಿ ಕಂಡರೂ ಮಳೆನೀರು ಹರಿದುಹೋಗಲೆಂದು ಅದಕ್ಕೆ ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಗಾಡಿಯನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಅಡ್ಡೆ ಕೊಡಿ. ಹಿಂಚಕ್ರಗಳು ಮೇಲೆದ್ದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಗಾಡಿಯನ್ನು ಹಿಡಿಯುವುದಿಲ್ಲ, ಅದನ್ನು ನಂಬಬೇಡಿ. ಜ್ಯಾಕಿನ ಅಡಿಗೆ ಮತ್ತಿಯಂಥ ಗಟ್ಟಿ ಮರದ ದಪ್ಪ ಹಲಗೆ ಇಡಿ. ಸಿಮೆಂಟ್ ಇಟ್ಟಿಗೆ, ಜಂಬಿಟ್ಟಿಗೆ, ಒಂದರ ಮೇಲೊಂದು ಪೇರಿಸಿದ ಕಲ್ಲು, ಇವುಗಳ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು. ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಚಕ್ರದ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಹಿಂಬದಿಯನ್ನು ಎತ್ತಿ, ಪಟ್ಟಿಯ ಮುಂತುದಿ ಚಾಸಿಗೆ ಸೇರುವ ಜಾಗಕ್ಕಿಂತ ತುಸು ಮುಂದೆ, ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು ನಿಧಾನವಾಗಿ ಇಳಿಸಿ ಕೂರಿಸಿ. ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ. ಅಲುಗುವುದಿದ್ದರೆ ಈಗಲೇ ಅಲುಗಲಿ, ನೀವಿನ್ನೂ ಕೆಳಗೆ ಹೋಗಿಲ್ಲ. ಟ್ರಾಲಿ ಜ್ಯಾಕ್ ಅನ್ನು ಆಕ್ಸಲ್‌ನ ನಡುಗುಂಡಿನ ಕೆಳಗೆ ತಂದು ಅದರ ಭಾರವನ್ನಷ್ಟೇ ತಾಳುವಂತೆ ಇಡಿ. ಚಕ್ರಗಳನ್ನು ಬಿಚ್ಚಿ ಚಾಸಿಯ ಅಡಿಗೆ ಮಲಗಿಸಿಬಿಡಿ. ಸ್ಟ್ಯಾಂಡ್ ಕೈಕೊಟ್ಟರೂ ಗಾಡಿ ಅವುಗಳ ಮೇಲೆ ನಿಲ್ಲುತ್ತದೆ.

ಶಾಕ್‌ಗಳನ್ನು ಮೊದಲು ಬಿಚ್ಚಬೇಕು. ಅವು ಹೋದ ಮೇಲೆ ಆಕ್ಸಲ್ ಇನ್ನೂ ಕೆಳಗೆ ಜೋತು ಬೀಳಬಲ್ಲದು, ಆಗ ಚಾಸಿಯಿಂದ ಆಕ್ಸಲ್‌ಗೆ ಬರುವ ಬ್ರೇಕಿನ ರಬ್ಬರ್ ಪೈಪು ಎಳೆದುಕೊಳ್ಳುತ್ತದೆ. ಆ ಪೈಪಿನ ಮೇಲೆ ಯಾವ ಹೊತ್ತಿನಲ್ಲಿಯೂ ಎಳೆತ ಬೀಳಬಾರದು. ಜ್ಯಾಕ್ ಅಲ್ಲಿ ಇರುವುದೇ ಅದಕ್ಕಾಗಿ. ಹಿಂಚಕ್ರದ ಬ್ರೇಕಿಗೆ ಭಾರ ನೋಡಿ ಒತ್ತಡ ಹಂಚುವ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ, ಆಕ್ಸಲ್‌ಗೆ ಸೇರಿದ ಅದರ ಸರಳು ಬಾಗದಂತೆಯೂ ನೋಡಿಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಿ. ಇನ್ನೊಂದು ಬದಿಯ ಪಟ್ಟಿ ತನ್ನ ಜಾಗದಲ್ಲಿದ್ದರೆ ಆಕ್ಸಲ್ ತಿರುಗಿ ಹೋಗುವುದಿಲ್ಲ. ಯು ಬೋಲ್ಟಿನ ನಾಲ್ಕು ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಚ್ಚಿ, ಕೆಳತಟ್ಟೆಯನ್ನು ತೆಗೆಯಿರಿ. ತಟ್ಟೆಯ ಮೇಲೆ ಎಡ ಬಲ, ಮುಂದೆ ಹಿಂದೆ ಎಂದು ಪೇಂಟಿನಿಂದ ಗುರುತು ಹಾಕಿ. ಆಕ್ಸಲ್ ಅನ್ನು ಒಂದೆರಡು ಬೆರಳಿನಷ್ಟು ಎತ್ತಿದರೆ ಸೆಂಟರ್ ಬೋಲ್ಟಿನ ತಲೆ ಪೀಠದಿಂದ ಬಿಡುತ್ತದೆ. ಪಟ್ಟಿಯ ಕೆಳಗೆ ಸಣ್ಣ ಜ್ಯಾಕ್ ಇಟ್ಟು ಮೊದಲು ಶ್ಯಾಕಲ್ ತೆಗೆದು, ನಂತರ ಮುಂತುದಿಯ ಬೋಲ್ಟಿಗೆ ಬನ್ನಿ.

ಈ ಮುಂತುದಿಯ ಬೋಲ್ಟೇ ಇಡೀ ಕೆಲಸದಲ್ಲಿ ಹೆಚ್ಚು ಕಾಡುವುದು. ಕೊಡಗಿನ ಮಳೆಯಲ್ಲಿ ನಿಂತ ಗಾಡಿಯಲ್ಲಿ ಬೋಲ್ಟಿನ ಮೈ ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದಲೇ ಬೆಸೆದುಕೊಂಡಿರುತ್ತದೆ. ನಟ್ ಸುಲಭವಾಗಿ ಬಂತೆಂದು ಸಂತೋಷಪಟ್ಟು ಬೋಲ್ಟಿನ ತಲೆ ತಿರುಗಿಸಿದರೆ ಅದು ರಬ್ಬರನ್ನೂ ತಿರುಚಿಕೊಂಡು ಕಾಲು ಸುತ್ತು ಹೋಗಿ, ಬಿಟ್ಟ ಕೂಡಲೇ ಹಾಗೆಯೇ ಹಿಂದಕ್ಕೆ ಬರುತ್ತದೆ. ಕಳೆದ ಸಲ ನಾನೂ ಅಣ್ಣನ ಮಗನೂ ಒಂದು ಮಧ್ಯಾಹ್ನವೆಲ್ಲ ಇದರ ಮುಂದೆ ಕೂತಿದ್ದೆವು. ನಟ್ ಅನ್ನು ಮರೆಯ ತುದಿಗೆ ಸಮವಾಗಿ ಮತ್ತೆ ತೊಡಿಸಿ, ಅದರ ಮೇಲೆ ಹಿತ್ತಾಳೆ ತುಂಡು ಹಿಡಿದು ಸುತ್ತಿಗೆಯಿಂದ ಹೊಡೆಯುವುದು, ತಲೆಯನ್ನು ಅತ್ತಿತ್ತ ತಿರುಗಿಸುವುದು, ಎಣ್ಣೆ ಹಾಕಿ ಚಹಾ ಕುಡಿದು ಬರುವುದು. ನಾಲ್ಕನೆಯ ಸಲ ಬಾರು ಹಾಕಿದಾಗ ಟಿಕ್ ಎಂದು ಒಂದು ಸಣ್ಣ ಸದ್ದಾಯಿತು, ಬುಷ್‌ನ ಅಂಚಿನಿಂದ ಕಾಫಿಪುಡಿಯಂಥ ತುಕ್ಕು ಉದುರಿತು, ಬೋಲ್ಟ್ ಈ ಬಾರಿ ಹಿಂದಕ್ಕೆ ಬರಲಿಲ್ಲ. ಆ ಸದ್ದು ಕೇಳಿದ ಮೇಲೆ ಆತುರಪಡದೆ ಎಣ್ಣೆ ಹಾಕುತ್ತ ತಿರುಗಿಸಿದರೆ ಬೋಲ್ಟ್ ತಾನಾಗಿ ಹೊರಬರುತ್ತದೆ.

ಏನು ಮಾಡಿದರೂ ಬಾರದಿದ್ದರೆ ಹ್ಯಾಕ್ಸಾ ಬ್ಲೇಡನ್ನು ಪಟ್ಟಿಯ ಕಣ್ಣಿಗೂ (ಬುಷ್ ಕೂರುವ ತುದಿಯ ಸುರುಳಿ) ಚಾಸಿಯ ಕಿವಿಗೂ (ಬೋಲ್ಟ್ ಹಿಡಿಯುವ ತಗಡು) ನಡುವೆ ತೂರಿಸಿ ಎರಡೂ ಬದಿಯಲ್ಲಿ ಕೊಯ್ಯಿರಿ. ನಿಧಾನ, ಆದರೆ ಚಾಸಿಗೆ ಗಾಯವಾಗುವುದಿಲ್ಲ. ಗ್ಯಾಸ್ ಬೆಂಕಿ ಹಿಡಿಯುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ: ಪೆಟ್ರೋಲ್ ಟ್ಯಾಂಕ್ ಇರುವುದು ಗಾಡಿಯ ಹಿಂಭಾಗದಲ್ಲಿಯೇ, ಉರಿಯುವ ರಬ್ಬರ್ ಬುಷ್ ಬೇರೆ ಕರಗಿ ಕೈಮೇಲೆ ಬೀಳುತ್ತದೆ.

ಪಟ್ಟಿ ಇಳಿದ ಮೇಲೆ ಹೊಸದನ್ನು ಏರಿಸುವ ಮೊದಲು ಅರ್ಧ ಗಂಟೆ ನೋಡುವುದಕ್ಕೇ ಮೀಸಲಿಡಿ. ಚಾಸಿಯ ಕಿವಿಗಳ ಬೆಸುಗೆಯ ಸುತ್ತ ಬಿರುಕಿದೆಯೇ, ತುಕ್ಕು ಒಳಗೆ ತಿಂದಿದೆಯೇ ಎಂದು ಸ್ಕ್ರೂ ಡ್ರೈವರ್‌ನಿಂದ ಒತ್ತಿ ಪರೀಕ್ಷಿಸಿ. ತಗಡು ಒಳಗೆ ಕುಸಿದರೆ ಕೆಲಸ ಅಲ್ಲಿಗೆ ನಿಲ್ಲಿಸಿ ಬೆಸುಗೆಯವರನ್ನು ಕರೆಯಬೇಕು. ಆಕ್ಸಲ್ ಪೀಠದ ತೂತು ದುಂಡಗಿರಬೇಕು. ಅದು ಉದ್ದುದ್ದವಾಗಿದ್ದರೆ ಯು ಬೋಲ್ಟ್ ಸಡಿಲವಾಗಿಯೇ ಗಾಡಿ ಬಹಳ ದಿನ ಓಡಿದೆ ಎಂದರ್ಥ. ಬ್ರೇಕ್ ಪೈಪಿನ ಬಿರುಕು, ಡ್ರಮ್ಮಿನ ಹಿಂದೆ ಆಕ್ಸಲ್ ಎಣ್ಣೆಯ ಜಿನುಗು, ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರು, ಎಲ್ಲವೂ ಈಗ ಕಣ್ಣೆದುರಿಗೇ ಇವೆ.

ಹೊಸ ಬುಷ್‌ಗಳನ್ನು ಸೋಪಿನ ನೀರು ಹಚ್ಚಿ ಕೂರಿಸಿ. ಗ್ರೀಸ್ ಹಚ್ಚಿದರೆ ಬೇಗ ಜಾರುತ್ತದೆ, ನಿಜ. ಆದರೆ ಸಾಮಾನ್ಯ ಗ್ರೀಸ್ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಬೋಲ್ಟಿನ ಉಕ್ಕಿನ ಮೈಗೆ ಮಾತ್ರ ತೆಳುವಾಗಿ ಗ್ರೀಸ್ ಸವರಿ, ಮರೆಯನ್ನು ಒಣಗಿಯೇ ಬಿಡಿ, ಏಕೆಂದರೆ ಮ್ಯಾನ್ಯುಯಲ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಬಿಗಿತದ ಅಂಕಿಯನ್ನು ಒಣ ಮರೆಗೆ ಎಂದೇ ತಿಳಿಯಬೇಕು. ಒತ್ತಿ ಕೂರಿಸುವ ಬಗೆಯ ಬುಷ್ ಆದರೆ ವೈಸ್ ಬೇಕು. ಸುತ್ತಿಗೆಯಿಂದ ಹೊಡೆದರೆ ಹೊರಕೊಳವೆಯ ಅಂಚು ಮಡಚಿಕೊಳ್ಳುತ್ತದೆ.

ಹೊಸ ಪಟ್ಟಿಯ ಮುಂತುದಿಯನ್ನು ಮೊದಲು ಏರಿಸಿ ಬೋಲ್ಟ್ ತೂರಿಸಿ, ನಟ್ ಅನ್ನು ಕೈಯಲ್ಲಿ ತಿರುಗಿಸಿ ಬಿಡಿ. ಹಿಂತುದಿಗೆ ಶ್ಯಾಕಲ್ ತೊಡಿಸಿ, ಅದನ್ನೂ ಹಾಗೆಯೇ ಬಿಡಿ. ಹೊಸ ಪಟ್ಟಿಯ ಕಮಾನು ಹೆಚ್ಚಿರುವುದರಿಂದ ಶ್ಯಾಕಲ್ ಮುಂದಕ್ಕೆ ವಾಲಿ ನಿಲ್ಲುತ್ತದೆ, ಗಾಬರಿಯಾಗಬೇಡಿ, ಭಾರ ಬಿದ್ದಾಗ ಅದು ಹಿಂದಕ್ಕೆ ಹೋಗುತ್ತದೆ. ಪಟ್ಟಿಯನ್ನು ಸಣ್ಣ ಜ್ಯಾಕಿನಿಂದ ಎತ್ತುತ್ತ, ಆಕ್ಸಲ್ ಅನ್ನು ಟ್ರಾಲಿ ಜ್ಯಾಕಿನಿಂದ ಇಳಿಸುತ್ತ, ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿಗೆ ಸರಿಯಾಗಿ ಇಳಿಯಿತೇ ಎಂದು ಟಾರ್ಚ್ ಹಾಕಿ ನೋಡಿ. ಅಂದಾಜಿನ ಮೇಲೆ ಯು ಬೋಲ್ಟ್ ಬಿಗಿದರೆ ತಲೆ ಅಂಚಿಗೆ ಸಿಕ್ಕಿ ಆಕ್ಸಲ್ ಓರೆಯಾಗುತ್ತದೆ. ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ ಹಂತ ಹಂತವಾಗಿ ಬಿಗಿದು, ಪ್ರತಿಯೊಂದರಲ್ಲಿಯೂ ಹೊರಗೆ ಉಳಿದ ಮರೆ ಸಮವಾಗಿದೆಯೇ ಎಂದು ನೋಡಿ ಮ್ಯಾನ್ಯುಯಲ್‌ನ ಅಂಕಿಗೆ ತನ್ನಿ. ಆಮೇಲೆ ಇನ್ನೊಂದು ಬದಿಗೂ ಇದೇ ಕೆಲಸ.

ಶಾಕ್ ತೊಡಿಸುವ ಮೊದಲು ಅದನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಜೋಡಿಕೊಳವೆಯ ಶಾಕ್‌ನಲ್ಲಿ ಎಣ್ಣೆಯ ದಾರಿಗೆ ಗಾಳಿ ಸೇರಿರುತ್ತದೆ, ಹೀಗೆ ಮಾಡಿದರೆ ಅದು ಹೊರಡುತ್ತದೆ. ಇದರ ನಟ್‌ಗಳೂ ಸದ್ಯಕ್ಕೆ ಸಡಿಲವಾಗಿರಲಿ.

ಏಕೆ ಎಲ್ಲವನ್ನೂ ಸಡಿಲ ಬಿಡಿ ಎನ್ನುತ್ತಿದ್ದೇನೆ ಎಂಬುದನ್ನು ಈಗ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸದ ಆಯಸ್ಸು ನಿಂತಿರುವುದು ಇದರ ಮೇಲೆಯೇ. ಬೋಲ್ಟ್ ಬಿಗಿದಾಗ ಬುಷ್‌ನ ಒಳಭಾಗ ಚಾಸಿಯ ಕಿವಿಗೆ ಕಚ್ಚಿಕೊಳ್ಳುತ್ತದೆ, ಹೊರಭಾಗ ಪಟ್ಟಿಯ ಕಣ್ಣಿಗೆ ಕಚ್ಚಿಕೊಂಡಿರುತ್ತದೆ, ನಡುವಿನ ರಬ್ಬರ್ ತಿರುಚಿಕೊಳ್ಳುವ ಮೂಲಕ ಮಾತ್ರ ಪಟ್ಟಿ ಅಲುಗಬಲ್ಲದು. ಬಿಗಿಯುವ ಹೊತ್ತಿಗೆ ಪಟ್ಟಿ ಯಾವ ಕೋನದಲ್ಲಿತ್ತೋ ಆ ಕೋನವೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿ. ಆಕ್ಸಲ್ ಗಾಳಿಯಲ್ಲಿ ಜೋತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಹಗಲೂ ರಾತ್ರಿಯೂ ತಿರುಚಿಕೊಂಡೇ ಇರುತ್ತದೆ, ಗುಂಡಿಗೆ ಬಿದ್ದಾಗ ಅದರ ಮೇಲೆ ಇನ್ನಷ್ಟು ತಿರುಚುತ್ತದೆ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಎಲ್ಲ ನಟ್‌ಗಳನ್ನೂ ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಬಿಗಿದು ಮುಗಿಸಿದ್ದೆ. ಗಾಡಿಯ ಹಿಂಬದಿ ಎತ್ತರವಾಗಿ ಗಡುಸಾಗಿ ನಿಂತಿತು, ಹೊಸ ಪಟ್ಟಿ ಹೀಗೇ ಇರುತ್ತದೆ ಎಂದುಕೊಂಡೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಕಣ್ಣಿನ ಎರಡೂ ಬದಿಯಿಂದ ರಬ್ಬರ್ ಹರಿದು ಎಳೆ ಎಳೆಯಾಗಿ ಹೊರಗೆ ಬಂದಿತ್ತು. ಬುಷ್‌ನ ತಪ್ಪು ಏನೂ ಇರಲಿಲ್ಲ.

ಆದ್ದರಿಂದ ಚಕ್ರ ತೊಡಿಸಿ, ಸ್ಟ್ಯಾಂಡ್ ತೆಗೆದು, ಗಾಡಿಯನ್ನು ಪೂರ್ತಿ ನೆಲಕ್ಕಿಳಿಸಿ, ಚಕ್ರದ ನಟ್‌ಗಳನ್ನು ಬಿಗಿಯಿರಿ. ಸ್ಪೇರ್ ಚಕ್ರ ಅದರ ಜಾಗದಲ್ಲಿರಲಿ. ಹಿಂದಿನ ಬಂಪರ್ ಮೇಲೆ ಒಬ್ಬರು ನಿಂತು ಏಳೆಂಟು ಸಲ ಕುಲುಕಿ, ಗಾಡಿಯನ್ನು ಕೈಯಲ್ಲಿ ಒಂದು ಮಾರು ಮುಂದಕ್ಕೂ ಹಿಂದಕ್ಕೂ ತಳ್ಳಿ, ಪಟ್ಟಿ ತನ್ನ ಸಹಜ ಎತ್ತರಕ್ಕೆ ಬರಲಿ. ಮುಂಚಕ್ರಗಳಿಗೆ ಅಡ್ಡೆ ಕೊಟ್ಟು, ಈಗ ಕೆಳಗೆ ಮಲಗಿ ಮುಂತುದಿಯ ಬೋಲ್ಟ್, ಶ್ಯಾಕಲ್‌ನ ನಟ್‌ಗಳು ಮತ್ತು ಶಾಕ್‌ನ ಎರಡೂ ತುದಿಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಿರಿ. ಜಿಪ್ಸಿಯ ನೆಲದೆತ್ತರ 210 ಮಿ.ಮೀ. ಇರುವುದರಿಂದ, ಹಾಗೂ ಚಾಸಿಯ ಹೊರಬದಿ ಅದಕ್ಕಿಂತ ಮೇಲಿರುವುದರಿಂದ, ರ್‍ಯಾಂಪ್ ಇಲ್ಲದೆಯೇ ಇದು ಸಾಧ್ಯ. ಕಾಯಿಲ್ ಸ್ಪ್ರಿಂಗಿನ ತಗ್ಗಾದ ಕಾರುಗಳಲ್ಲಿ ಹೀಗೆ ಕೆಳಗೆ ನುಗ್ಗಲಾಗದು. ಅಲ್ಲಿ ಚಕ್ರದ ಬುಡದ ತೋಳಿಗೆ ಜ್ಯಾಕ್ ಕೊಟ್ಟು, ಮೊದಲೇ ಅಳೆದಿಟ್ಟ ಮಡ್‌ಗಾರ್ಡ್ ಎತ್ತರ ಬರುವವರೆಗೆ ಎತ್ತಿ ಬಿಗಿಯಬೇಕು, ಮತ್ತು ಹಿಂಚಕ್ರಗಳ ಕೋನವನ್ನು ಹೊಂದಿಸುವ ಏರ್ಪಾಡಿರುವ ಕಾರಾದರೆ ನಂತರ ಅವುಗಳ ಅಲೈನ್‌ಮೆಂಟ್ ಮಾಡಿಸಲೇಬೇಕು.

ಜಿಪ್ಸಿಯ ಹಿಂಬದಿಗೆ ಅಂಥ ಅಲೈನ್‌ಮೆಂಟ್ ಇಲ್ಲ. ಒಂದು ಟೇಪು ಸಾಕು. ಸ್ಟಿಯರಿಂಗ್ ನೇರವಾಗಿಟ್ಟು, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡೂ ಬದಿಯಲ್ಲಿ ಅಳೆಯಿರಿ. ಮೂಲ ಅಳತೆ 2375 ಮಿ.ಮೀ. ಅಂಕಿ ತುಸು ಆಚೀಚೆ ಬಂದರೂ ಎರಡು ಬದಿಗಳ ನಡುವೆ ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಒಂದು ಬದಿಯ ಸೆಂಟರ್ ಬೋಲ್ಟ್ ಪೀಠಕ್ಕೆ ಕೂತಿಲ್ಲ, ಮತ್ತೆ ಬಿಚ್ಚಿ ನೋಡಬೇಕು.

ಮೊದಲ ಓಟವನ್ನು ತೋಟದ ಒಳದಾರಿಯಲ್ಲಿ ನಿಧಾನವಾಗಿ ಮಾಡಿ, ಬ್ರೇಕ್ ಎರಡು ಮೂರು ಸಲ ಹಿಡಿದು ನೋಡಿ, ಮನೆಗೆ ಬಂದು ಯು ಬೋಲ್ಟ್ ಮತ್ತು ಚಕ್ರದ ನಟ್‌ಗಳ ಬಿಗಿತವನ್ನು ಮತ್ತೆ ಪರೀಕ್ಷಿಸಿ. ಹೊಸ ಪಟ್ಟಿಗಳ ನಡುವಿನ ಬಣ್ಣ ಸವೆದು ಅವು ಒಂದಕ್ಕೊಂದು ಒತ್ತಿ ಕೂರುವಾಗ ಯು ಬೋಲ್ಟ್ ಸಡಿಲಗೊಳ್ಳುವುದು ಸಹಜ. ಐವತ್ತು ಕಿಲೋಮೀಟರಿಗೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಬಿಗಿಯಿರಿ; ಎರಡನೆಯದು ಮುಗಿಯುವವರೆಗೆ ಮಾಕುಟ್ಟದ ಘಾಟಿಗೂ ಹೋಗಬೇಡಿ, ಗದ್ದೆಗೂ ಇಳಿಯಬೇಡಿ. ಎರಡನೆಯ ಸಲ ಬಿಗಿದ ಮೇಲೆ ಪ್ರತಿ ನಟ್‌ನಿಂದ ತಟ್ಟೆಯವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ. ಮಳೆಗಾಲದಲ್ಲಿ ಗಾಡಿ ತೊಳೆಯುವಾಗ ಬಗ್ಗಿ ನೋಡಿದರೆ, ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ಸ್ಪ್ಯಾನರ್ ಹಾಕದೆಯೇ ತಿಳಿಯುತ್ತದೆ.